ಒಂದೇ ಇಂಜಿನ್ನಾ?

ಸಣ್ಣ ವಿಮಾನದ ಮಾತು ಬಂದರೆ ನಮ್ಮ ಕಡೆ ಮನೆಗಳಲ್ಲಿ ಮೊದಲು ಬರೋ ಹೆಸರು ಸೌಂದರ್ಯ. 2004ರ ಏಪ್ರಿಲ್ 17. ಕರೀಂನಗರದ ಚುನಾವಣಾ ಪ್ರಚಾರಕ್ಕೆ ಅಂತ ಜಕ್ಕೂರಿನಿಂದ ಹೊರಟ ಸೆಸ್ನಾ 180 ವಿಮಾನ, ಮೇಲೇರಿದ ಸ್ವಲ್ಪ ಹೊತ್ತಿಗೇ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ಬಿದ್ದು ಹೊತ್ತಿ ಉರಿಯಿತು. ನಟಿ, ಅವರ ಸಹೋದರ, ಪೈಲಟ್ ಸೇರಿ ಒಳಗಿದ್ದ ನಾಲ್ಕೂ ಜನ ಉಳಿಯಲಿಲ್ಲ. ನಾನಾಗ ಹೈಸ್ಕೂಲು. ಊರಿನ ಟೀವಿ ಇದ್ದ ಮನೆ ಮುಂದೆ ಚಪ್ಪಲಿ ರಾಶಿ ಬಿದ್ದಿತ್ತು. ಆವತ್ತಿನಿಂದ ನಮ್ಮ ಜನಕ್ಕೆ ‘ಒಂದೇ ಇಂಜಿನ್’ ಅನ್ನೋ ಎರಡು ಪದ ಕೇಳಿದರೆ ಸಾಕು, ಮುಖ ಸಣ್ಣದಾಗುತ್ತೆ.

ಈ ವಿಷಯ ನನ್ನ ತಲೆಗೆ ಹತ್ತಿದ್ದು ಆಫೀಸಿನ ಕಾರಣಕ್ಕೆ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನಮ್ಮದೊಂದು ಸಣ್ಣ ಕಂಪನಿ, ಕಾರ್ಖಾನೆಗಳಿಗೆ ಸಾಫ್ಟ್‌ವೇರ್ ಮಾಡ್ತೀವಿ. ಗಿರಾಕಿಗಳೆಲ್ಲ ತೋರಣಗಲ್ಲು, ಹರಿಹರ, ಕಲಬುರಗಿ ಕಡೆ. ಎಸ್ಟೇಟಿನ ಇನ್ನೆರಡು ಕಂಪನಿಗಳ ಜೊತೆ ಸೇರಿ ತಿಂಗಳಿಗೊಂದು ದಿನ ಒಂಬತ್ತು ಸೀಟಿನ ಟರ್ಬೊಪ್ರಾಪ್ ಬಾಡಿಗೆಗೆ ತಗೊಂಡರೆ ಹೇಗೆ, ನೋಡಿ ಹೇಳಿ ಅಂದರು ನಮ್ಮ ಬಾಸ್. ವಿಮಾನದ ಚಿತ್ರ ತೋರಿಸಿದ ಕೂಡಲೇ ಪಕ್ಕದ ಸೀಟಿನ ಗೆಳೆಯ, ‘ಒಂದೇ ಇಂಜಿನ್ನಾ? ನಾನು ಬರಲ್ಲ ಗುರು, ಇಬ್ಬರು ಮಕ್ಕಳಿದಾವೆ’ ಅಂದ. ತಮಾಷೆಗೆ ಅಂದಿದ್ದಲ್ಲ. ಅವನಿಗೆ ಸರಿಯಾದ ಉತ್ತರ ಕೊಡಬೇಕಿತ್ತು. ಹುಡುಕುತ್ತಾ ಹೋದರೆ ಉತ್ತರದ ಬಹುಪಾಲು ಬೆಂಗಳೂರಿನ ಇತಿಹಾಸದಲ್ಲೇ ಬಿದ್ದಿತ್ತು.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ಸೌಂದರ್ಯ ಹತ್ತಿದ್ದ ಸೆಸ್ನಾ 180ರದ್ದು ಪಿಸ್ಟನ್ ಇಂಜಿನ್. ನಮ್ಮೂರಿನ ಹಳೇ ಡೀಸೆಲ್ ಪಂಪ್‌ಸೆಟ್ ನೆನಪಿಸಿಕೊಳ್ಳಿ: ಪಿಸ್ಟನ್ ಮೇಲೆ ಹೋಗಬೇಕು, ನಿಲ್ಲಬೇಕು, ಕೆಳಗೆ ಬರಬೇಕು, ಮತ್ತೆ ನಿಲ್ಲಬೇಕು. ನಿಮಿಷಕ್ಕೆ ಎರಡು ಸಾವಿರ ಸಲ ಇದೇ ಗುದ್ದಾಟ. ಟರ್ಬೊಪ್ರಾಪ್ ಹಾಗಲ್ಲ. ಅದರ ಒಳಗಿರೋದು ಜೆಟ್ ಇಂಜಿನ್, ಹೊರಗೆ ಕಾಣೋದು ಪ್ರೊಪೆಲರ್. ಒಳಗಿನದೆಲ್ಲ ಒಂದೇ ದಿಕ್ಕಿಗೆ ತಿರುಗುತ್ತೆ, ಎಲ್ಲೂ ನಿಂತು ವಾಪಸ್ ಬರೋದಿಲ್ಲ. ಲೋಕದ ಹೆಚ್ಚಿನ ಸಣ್ಣ ಟರ್ಬೊಪ್ರಾಪ್‌ಗಳಲ್ಲಿ ಇರೋದು ಪ್ರ್ಯಾಟ್ ಅಂಡ್ ವಿಟ್ನಿ ಕೆನಡಾದ ಪಿಟಿ6 ಅನ್ನೋ ಇಂಜಿನ್, 1960ರ ದಶಕದ ವಿನ್ಯಾಸ. ಅದರ ಗುಟ್ಟು ತುಂಬಾ ಸರಳ. ಎರಡು ಟೇಬಲ್ ಫ್ಯಾನ್ ಎದುರುಬದುರು ಇಡಿ, ಒಂದಕ್ಕೆ ಮಾತ್ರ ಕರೆಂಟ್ ಕೊಡಿ. ಅದರ ಗಾಳಿಗೆ ಇನ್ನೊಂದೂ ತಿರುಗುತ್ತೆ, ಆದರೆ ಎರಡರ ನಡುವೆ ಒಂದು ಸರಳೂ ಇಲ್ಲ. ಪಿಟಿ6ನಲ್ಲಿ ಬಿಸಿಗಾಳಿ ಹುಟ್ಟಿಸೋ ಭಾಗಕ್ಕೂ ಪ್ರೊಪೆಲರ್ ತಿರುಗಿಸೋ ಭಾಗಕ್ಕೂ ಇರೋ ಸಂಬಂಧ ಅಷ್ಟೇ. ಬಿಡಿಭಾಗ ಕಡಿಮೆ, ನಡುಕ ಕಡಿಮೆ. ಅದಕ್ಕೇ ಅರವತ್ತು ವರ್ಷ ಕಳೆದರೂ ಅದಿನ್ನೂ ಮಾರುಕಟ್ಟೆಯಲ್ಲಿದೆ. ಹಾಗಾಗಿ ಎಷ್ಟು ಇಂಜಿನ್ ಅಂತ ಕೇಳೋ ಮುಂಚೆ ಎಂಥ ಇಂಜಿನ್ ಅಂತ ಕೇಳಬೇಕು.

ಈ ಪ್ರಶ್ನೆಯನ್ನ ಬೆಂಗಳೂರು ನಲವತ್ತು ವರ್ಷದ ಹಿಂದೆಯೇ ಕೇಳಿತ್ತು. ಉತ್ತರವನ್ನೂ ಕಟ್ಟಿ ಹಾರಿಸಿತ್ತು. ಆಮೇಲೆ ಮರೆತುಬಿಟ್ಟಿತು.

ಎಚ್‌ಎಎಲ್ ಹುಟ್ಟಿದ್ದು 1940ರ ಡಿಸೆಂಬರಿನಲ್ಲಿ, ವಾಲ್‌ಚಂದ್ ಹೀರಾಚಂದರ ಉದ್ಯಮ ಬುದ್ಧಿ ಮತ್ತು ಮೈಸೂರು ಸಂಸ್ಥಾನದ ಕೊಡುಗೆ ಎರಡೂ ಸೇರಿ. ಮಿರ್ಜಾ ಇಸ್ಮಾಯಿಲ್ ಆಗ ದಿವಾನರು. ಮಾರನೇ ವರ್ಷ ಅಲ್ಲಿಂದ ಹಾರಿದ ಮೊದಲ ವಿಮಾನ, ಹಾರ್ಲೋ ತರಬೇತಿ ವಿಮಾನ, ಒಂದೇ ಇಂಜಿನ್ನಿನದು. 1951ರಲ್ಲಿ ಘಾಟಗೆಯವರ ತಂಡ ಕಟ್ಟಿದ ಎಚ್‌ಟಿ-2, ಆಮೇಲಿನ ಪುಷ್ಪಕ್, ಕೃಷಕ್, ಪೈರಿಗೆ ಔಷಧಿ ಸಿಂಪಡಿಸೋಕೆ ಮಾಡಿದ ಬಸಂತ್, ಎಲ್ಲವೂ ಒಂದೇ ಇಂಜಿನ್ನು, ಎಲ್ಲವೂ ಪಿಸ್ಟನ್ನು. 1977ರಲ್ಲಿ ಹಾರಿದ ಎಚ್‌ಪಿಟಿ-32 ದೀಪಕ್ ಕೂಡ ಅದೇ ಜಾತಿ, 260 ಅಶ್ವಶಕ್ತಿಯ ಪಿಸ್ಟನ್. ವಾಯುಪಡೆಗೆ ಸೇರೋ ಹುಡುಗರು ಮೊದಲು ಕೈಯಿಡುತ್ತಿದ್ದದ್ದು ಇದರ ಮೇಲೆ.

1984ರ ಜೂನ್‌ನಲ್ಲಿ ಎಚ್‌ಎಎಲ್ ಇದೇ ದೀಪಕ್‌ನ ಮೂತಿ ಬದಲಿಸಿ 420 ಅಶ್ವಶಕ್ತಿಯ ಆಲಿಸನ್ ಟರ್ಬೊಪ್ರಾಪ್ ಕೂರಿಸಿ ಹಾರಿಸಿತು. ಹೆಸರು ಎಚ್‌ಟಿಟಿ-34. ಅದೇ ವರ್ಷ ಇಂಗ್ಲೆಂಡಿನ ಫಾರ್ನ್‌ಬರೋ ಪ್ರದರ್ಶನಕ್ಕೂ ಹೋಯಿತು. ಸ್ವಿಸ್ ಕಂಪನಿ ಪಿಲಾಟಸ್ ತನ್ನ ಟರ್ಬೊಪ್ರಾಪ್ ತರಬೇತಿ ವಿಮಾನಗಳನ್ನ ಊರೂರಿಗೆ ಮಾರುತ್ತಿದ್ದ ಕಾಲ ಅದು. ನಮ್ಮದಕ್ಕೆ ಆರ್ಡರ್ ಬರಲಿಲ್ಲ, ತಯಾರಿಕೆಗೂ ಹೋಗಲಿಲ್ಲ. ವಾಯುಪಡೆ ಪಿಸ್ಟನ್ ದೀಪಕ್‌ನಲ್ಲೇ ಮುಂದುವರಿಯಿತು.

ಮುಂದಿನದು ಓದೋಕೆ ಕಷ್ಟ. ದೀಪಕ್‌ಗೆ ಹಾರಾಟದ ನಡುವೆ ಇಂಜಿನ್ ನಿಲ್ಲೋ ಕಾಯಿಲೆ. ಇಂಧನ ಸರಿಯಾಗಿ ತಲುಪದೆ ಗಾಳಿಯಲ್ಲೇ ಆರಿಹೋಗೋದು. ದೀಪಕ್‌ನ 17 ಅಪಘಾತಗಳಲ್ಲಿ 19 ಪೈಲಟ್‌ಗಳು ಸತ್ತರು ಅನ್ನೋದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದ ಲೆಕ್ಕ. 2009ರ ಜುಲೈ 31ರಂದು ಹೈದರಾಬಾದ್ ಬಳಿ ಇಬ್ಬರು ತೀರಿಕೊಂಡ ಮೇಲೆ ಇಡೀ ಪಡೆಯ ದೀಪಕ್‌ಗಳನ್ನ ನಿಲ್ಲಿಸಿದರು. ಟರ್ಬೈನ್ ಹಾಕಿದ್ದರೆ ಅವರೆಲ್ಲ ಬದುಕಿರುತ್ತಿದ್ದರು ಅಂತ ನಾನು ಹೇಳಲ್ಲ. ಇಂಧನವೇ ಬರದಿದ್ದರೆ ಟರ್ಬೈನೂ ನಿಲ್ಲುತ್ತೆ. ಆದರೆ ಇಂಜಿನ್ ಬದಲಿಸೋವಾಗ ಪೈಪು, ಪಂಪು, ಟ್ಯಾಂಕು ಎಲ್ಲವನ್ನೂ ಮತ್ತೊಮ್ಮೆ ಕೂತು ಯೋಚಿಸಬೇಕಾಗುತ್ತಿತ್ತು. ಆ ಅವಕಾಶ 1984ರಲ್ಲೇ ಕೈಗೆ ಬಂದು ಹೋಯಿತು. ಸಾಫ್ಟ್‌ವೇರ್‌ನಲ್ಲಿರೋರಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ. ‘ಈಗ ನಡೀತಿದೆಯಲ್ಲ, ಯಾಕೆ ಮುಟ್ಟೋದು’ ಅನ್ನೋ ಮೀಟಿಂಗ್‌ನಲ್ಲಿ ನಾವೆಲ್ಲ ಕೂತವರೇ. ನಮ್ಮಲ್ಲಿ ಸರ್ವರ್ ಬೀಳುತ್ತೆ, ಅಲ್ಲಿ ಇಪ್ಪತ್ತೆರಡು ವರ್ಷದ ಹುಡುಗರು ಬಿದ್ದರು.

ಕೊನೆಗೆ 2012ರಲ್ಲಿ ಸರ್ಕಾರ ಪಿಲಾಟಸ್‌ನಿಂದಲೇ 75 ಪಿಸಿ-7 ಮಾರ್ಕ್ 2 ತರಬೇತಿ ವಿಮಾನ ಕೊಂಡಿತು. ಅವು ಒಂದೇ ಇಂಜಿನ್ನಿನ ಟರ್ಬೊಪ್ರಾಪ್‌ಗಳು, ಒಳಗಿರೋದು ಪಿಟಿ6. ಎಚ್‌ಎಎಲ್ ಹಠ ಬಿಡಲಿಲ್ಲ. ತನ್ನದೇ ದುಡ್ಡು ಹಾಕಿ ಎಚ್‌ಟಿಟಿ-40 ಕಟ್ಟಿ 2016ರ ಮೇ 31ರಂದು ಬೆಂಗಳೂರಿನಲ್ಲಿ ಹಾರಿಸಿತು. 70 ವಿಮಾನಗಳ ಆರ್ಡರ್ ಸಿಕ್ಕಿದ್ದು 2023ರ ಮಾರ್ಚ್‌ನಲ್ಲಿ. ಲೆಕ್ಕ ಹಾಕಿ, ಎಚ್‌ಟಿಟಿ-34ರಿಂದ ಇಲ್ಲಿಗೆ 39 ವರ್ಷ. ಇನ್ನೊಂದು ಕಾಕತಾಳೀಯ ಹೇಳ್ತೀನಿ: ನಮ್ಮ ಬಾಸ್ ಕೈಯಲ್ಲಿದ್ದ ಚಿತ್ರದ ವಿಮಾನ, ಪಿಲಾಟಸ್ ಪಿಸಿ-12, ಮೊದಲು ಹಾರಿದ್ದೂ ಮೇ 31ರಂದೇ. 1991ರಲ್ಲಿ, ಎಚ್‌ಟಿಟಿ-40ಕ್ಕಿಂತ ಸರಿಯಾಗಿ 25 ವರ್ಷ ಮುಂಚೆ.

‘ಅದೆಲ್ಲ ಸರಿ, ಎರಡಿದ್ದರೆ ಒಂದು ಕೆಟ್ಟರೂ ಇನ್ನೊಂದು ಇರುತ್ತಲ್ಲ?’ ಗೆಳೆಯನ ಮುಂದಿನ ಪ್ರಶ್ನೆ. ಇದಕ್ಕೆ ಉತ್ತರ ಹುಡುಕೋಕೆ ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಸ್ವಲ್ಪ ಮುಂದೆ ಹೋಗಬೇಕು. ವಂಡರ್‌ಲಾಗೆ ಅಂತ ನಾವೆಲ್ಲ ಹೋಗೋ ಅದೇ ಬಿಡದಿ ಕಡೆ, ಶೇಷಗಿರಿಹಳ್ಳಿ ಅಂತ ಒಂದು ಊರು.

ಬೆಂಗಳೂರಿನ ಎನ್‌ಎಎಲ್, ಅಂದರೆ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ನಮ್ಮ ಸಣ್ಣ ಊರುಗಳಿಗೆ ಓಡಾಡಲಿ ಅಂತಲೇ 14 ಸೀಟಿನ ಸಾರಸ್ ವಿಮಾನ ಕಟ್ಟೋಕೆ ಹೊರಟಿತ್ತು. ಮೊದಲು ರಷ್ಯಾದ ಮ್ಯಾಸಿಶ್ಚೇವ್ ಸಂಸ್ಥೆ ಜೊತೆಗಿತ್ತು, ಸೋವಿಯತ್ ಒಕ್ಕೂಟ ಬಿದ್ದ ಮೇಲೆ ಅವರು ದುಡ್ಡಿಲ್ಲದೆ ಹಿಂದೆ ಸರಿದರು. 1998ರ ಪೋಖ್ರಾನ್ ನಂತರದ ನಿರ್ಬಂಧಗಳು ಇನ್ನಷ್ಟು ಎಳೆದವು. ಎರಡು ಪಿಟಿ6 ಇಂಜಿನ್ ಬಾಲದ ಹತ್ತಿರ, ಪ್ರೊಪೆಲರ್ ಹಿಂದಕ್ಕೆ ತಿರುಗಿಸಿ ತಳ್ಳೋ ಹಾಗೆ. 2004ರ ಮೇ 29ರಂದು ಮೊದಲ ಮಾದರಿ ಹಾರಿದಾಗ ಅಂದುಕೊಂಡಿದ್ದಕ್ಕಿಂತ ಸುಮಾರು 900 ಕೆಜಿ ಹೆಚ್ಚು ತೂಗುತ್ತಿತ್ತು. ಮದುವೆ ಊಟದ ಲೆಕ್ಕ ತಪ್ಪಿದ ಹಾಗಲ್ಲ ಇದು. ವಿಮಾನದಲ್ಲಿ 900 ಕೆಜಿ ಅಂದರೆ ಸಾಮಾನಿನ ಸಮೇತ ಹತ್ತು ಜನ ಪ್ರಯಾಣಿಕರು. ಎರಡನೇ ಮಾದರಿಗೆ ತೂಕ ಇಳಿಸಿ ಇಂಜಿನ್ ಬಲ ಹೆಚ್ಚಿಸಿದರು.

2009ರ ಮಾರ್ಚ್ 6ರಂದು ಆ ಎರಡನೇ ಮಾದರಿಯಲ್ಲಿ ಮಾಡಬೇಕಿದ್ದ ಪರೀಕ್ಷೆ ಯಾವುದು ಗೊತ್ತಾ? ಗಾಳಿಯಲ್ಲೇ ಒಂದು ಇಂಜಿನ್ ಆರಿಸಿ, ಮತ್ತೆ ಹೊತ್ತಿಸಿ ನೋಡೋದು. ‘ಒಂದು ಕೆಟ್ಟರೆ ಇನ್ನೊಂದು’ ಅನ್ನೋ ಭರವಸೆಯ ಪರೀಕ್ಷೆ. ವಿಮಾನ ಹತೋಟಿ ತಪ್ಪಿ ಶೇಷಗಿರಿಹಳ್ಳಿಯ ಹೊಲದ ಕಡೆ ಬಿತ್ತು. ವಾಯುಪಡೆಯ ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ, ಸ್ಕ್ವಾಡ್ರನ್ ಲೀಡರ್ ಇಳೆಯರಾಜ ಮೂವರೂ ಹೋದರು. ಮತ್ತೆ ಹೊತ್ತಿಸಲು ರೂಪಿಸಿದ್ದ ಕ್ರಮವೇ ತಪ್ಪಿತ್ತು, ಅದನ್ನ ಮಾಡೋಕೆ ಬೇಕಾದಷ್ಟು ಎತ್ತರವೂ ಇರಲಿಲ್ಲ ಅಂತ ತನಿಖಾ ವರದಿ ಹೇಳಿತು.

ಸಾರಸ್‌ನ ಕಥೆಯಿಂದ ಎರಡು ಇಂಜಿನ್ ಕೆಟ್ಟದ್ದು ಅಂತ ತೀರ್ಮಾನ ಮಾಡೋದು ಮೂರ್ಖತನ. ಅದು ಪರೀಕ್ಷೆಯ ವಿಮಾನ, ಅವರು ನಮ್ಮ ಪರವಾಗಿ ಅಪಾಯ ಹೊತ್ತವರು. ನಾನು ಹೇಳೋದು ಇಷ್ಟೇ, ಎರಡನೇ ಇಂಜಿನ್ ಪುಕ್ಕಟೆ ವಿಮೆ ಅಲ್ಲ. ಜೋಡೆತ್ತಿನ ಗಾಡಿ ಹೊಡೆದವರಿಗೆ ಇದು ಗೊತ್ತು. ದಿಣ್ಣೆ ಹತ್ತೋವಾಗ ಒಂದೆತ್ತು ಮಲಗಿಬಿಟ್ಟರೆ ಇನ್ನೊಂದು ಗಾಡಿಯನ್ನ ಮೇಲಕ್ಕೆ ಎಳೆಯಲ್ಲ, ಪಕ್ಕದ ಹಳ್ಳಕ್ಕೆ ಎಳೆಯುತ್ತೆ. ರೆಕ್ಕೆಯ ಎರಡು ಬದಿಗೆ ಇಂಜಿನ್ ಇರೋ ವಿಮಾನ ನೆಲ ಬಿಟ್ಟ ಕೂಡಲೇ ಒಂದು ಕೈಕೊಟ್ಟರೆ ಪೈಲಟ್‌ಗೆ ಸಿಗೋದು ಕೆಲವೇ ಸೆಕೆಂಡು. ಸತ್ತ ಇಂಜಿನ್ ಯಾವ ಕಡೆಯದು ಅಂತ ಸರಿಯಾಗಿ ಗುರುತಿಸಿ, ಅದರ ಪ್ರೊಪೆಲರ್ ಅಲಗುಗಳನ್ನ ಗಾಳಿಗೆ ಓರೆ ಮಾಡಿ, ಮೂತಿ ನೇರ ಇಡಬೇಕು. ಆ ಅಭ್ಯಾಸ ಪದೇ ಪದೇ ಮಾಡಿದ ಪೈಲಟ್ ಇದ್ದರೆ ಎರಡನೇ ಇಂಜಿನ್ ನಿಜವಾಗಿ ಜೀವ ಉಳಿಸುತ್ತೆ. ಇಲ್ಲದಿದ್ದರೆ ಉಳಿದ ಇಂಜಿನ್ನೇ ವಿಮಾನವನ್ನ ಮಗುಚಿಹಾಕುತ್ತೆ.

ಒಂದೇ ಇಂಜಿನ್ನಿನ ವಿಮಾನಕ್ಕೆ ಬೇರೆ ತರದ ವಿಮೆ ಇದೆ. ಅಮೆರಿಕದ ಹಳೇ ನಿಯಮದ ಪ್ರಕಾರ ಇಂಥ ವಿಮಾನ ಗಂಟೆಗೆ 61 ನಾಟ್, ಅಂದರೆ ಸುಮಾರು 113 ಕಿ.ಮೀ. ವೇಗದಲ್ಲೂ ಗಾಳಿಯಲ್ಲಿ ನಿಲ್ಲಬೇಕು. ಅದನ್ನ ಸ್ವಲ್ಪ ಮೀರಿದರೆ ಸೀಟುಗಳಿಗೆ ಹೆಚ್ಚಿನ ಗಟ್ಟಿತನ ಕೊಡಬೇಕು. ನಿಧಾನವಾಗಿ ಇಳಿಯೋದಾದರೆ ಹೊಲದಲ್ಲಿ ಇಳಿದರೂ ಬದುಕೋ ಸಾಧ್ಯತೆ ಇರುತ್ತೆ, ಹೊಡೆತದ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತಲ್ಲ, ಅದಕ್ಕೆ. ಪಿಸಿ-12 ಇಂಜಿನ್ ನಿಂತರೆ ಒಂದು ಕಿ.ಮೀ. ಇಳಿಯೋದರಲ್ಲಿ ಸುಮಾರು 16 ಕಿ.ಮೀ. ಮುಂದೆ ತೇಲುತ್ತೆ. 20,000 ಅಡಿ ಎತ್ತರದಲ್ಲಿದ್ದರೆ ಹೆಚ್ಚುಕಡಿಮೆ ತೊಂಬತ್ತೇಳು ಕಿ.ಮೀ. ಹಾಗಾಗಿ ಯಾವ ನೆಲದ ಮೇಲೆ ಹಾರುತ್ತೀವಿ ಅನ್ನೋದೂ ಇಂಜಿನ್ನಿನ ಒಂದು ಭಾಗವೇ. ಚಿತ್ರದುರ್ಗದಿಂದ ಕಲಬುರಗಿವರೆಗಿನ ಬಯಲುಸೀಮೆ ನೋಡಿ, ತೊಗರಿ, ಹತ್ತಿ, ಸಜ್ಜೆ ಹೊಲ. ಅದೇ ಮಂಗಳೂರು ಕಡೆ ಜುಲೈನಲ್ಲಿ ಶಿರಾಡಿಯ ಮೇಲೆ ಮೋಡದೊಳಗೆ ಹೋಗೋದಾದರೆ ನಾನೂ ನನ್ನ ಗೆಳೆಯನ ಪಕ್ಷ.

ಭಾರತದಲ್ಲಿ ಪಿಸಿ-12ರ ಹೆಸರು ಕೆಟ್ಟದ್ದು 2011ರ ಮೇ 25ರ ರಾತ್ರಿ. ಪಾಟ್ನಾದಿಂದ ದೆಹಲಿಗೆ ರೋಗಿಯನ್ನ ತರುತ್ತಿದ್ದ ಏರ್ ಆಂಬುಲೆನ್ಸ್ ಫರೀದಾಬಾದ್‌ನ ಮನೆಗಳ ಮೇಲೆ ಬಿತ್ತು. ಒಳಗಿದ್ದ ಏಳು, ನೆಲದ ಮೇಲಿದ್ದ ಮೂರು, ಒಟ್ಟು ಹತ್ತು ಸಾವು. ಒಂದೇ ಇಂಜಿನ್ನಿನ ವಿಮಾನ ರಾತ್ರಿ ಹಾರಬೇಕಾ ಅನ್ನೋ ಚರ್ಚೆ ಎದ್ದಿತು. ಆದರೆ ತನಿಖೆ ಬೆರಳು ತೋರಿದ್ದು ಇಂಜಿನ್ ಕಡೆಗಲ್ಲ. ಕೆಟ್ಟ ಹವಾಮಾನ, ವಿಮಾನ ನಡೆಸಿದ ರೀತಿಯಲ್ಲಿನ ತಪ್ಪು, ಕತ್ತಲಲ್ಲಿ ಮೇಲೆ ಕೆಳಗೆ ಯಾವುದು ಅನ್ನೋ ಅಂದಾಜೇ ತಪ್ಪೋದು, ಇವುಗಳಲ್ಲಿ ಒಂದು ಅಥವಾ ಎಲ್ಲ ಸೇರಿ ಅಂತ. ಅತ್ತ ಯುರೋಪ್ ವರ್ಷಗಟ್ಟಲೆ ಎಳೆದಾಡಿ 2017ರಲ್ಲಿ ಒಂದೇ ಟರ್ಬೈನ್ ಇಂಜಿನ್ನಿನ ಬಾಡಿಗೆ ವಿಮಾನಗಳಿಗೆ ರಾತ್ರಿ ಮತ್ತು ಮೋಡದೊಳಗಿನ ಹಾರಾಟಕ್ಕೆ ಒಪ್ಪಿಗೆ ಕೊಟ್ಟಿತು. ಇಂಜಿನ್ ಮೇಲೆ ಸದಾ ನಿಗಾ ಇಡೋ ವ್ಯವಸ್ಥೆ ಮತ್ತು ಪೈಲಟ್‌ಗಳ ವಿಶೇಷ ತರಬೇತಿ ಕಡ್ಡಾಯ ಅನ್ನೋ ಷರತ್ತಿನ ಮೇಲೆ.

ಹಾಗಾದರೆ ಈ ವಿಮಾನಗಳು ನಮ್ಮ ಊರುಗಳ ನಡುವೆ ಯಾಕೆ ಓಡಾಡ್ತಿಲ್ಲ? ಓಡಿಸಿ ನೋಡಿದ ಕನ್ನಡಿಗ ಒಬ್ಬರಿದ್ದಾರೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್, ಸೈನ್ಯ ಬಿಟ್ಟು ಜಾವಗಲ್ ಬಳಿ ಬೇಸಾಯ ಮಾಡಿದವರು, 1997ರಲ್ಲಿ ಜಕ್ಕೂರಿನಿಂದ ಹೆಲಿಕಾಪ್ಟರ್ ಬಾಡಿಗೆ ಶುರು ಮಾಡಿದವರು. 2003ರ ಆಗಸ್ಟ್‌ನಲ್ಲಿ ಅವರ ಏರ್ ಡೆಕ್ಕನ್‌ನ ಮೊದಲ ವಿಮಾನ ಹೋಗಿದ್ದು ದೆಹಲಿಗೋ ಮುಂಬೈಗೋ ಅಲ್ಲ, ಹುಬ್ಬಳ್ಳಿಗೆ. ಇಷ್ಟು ‘ಸೂರರೈ ಪೊಟ್ರು’ ಸಿನಿಮಾದ ನೆಪದಲ್ಲಿ ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದ್ದು 2012ರ ಡೆಕ್ಕನ್ ಶಟಲ್ಸ್. ಗುಜರಾತಿನ ಅಹಮದಾಬಾದ್, ಸೂರತ್, ಭಾವನಗರದಂಥ ವ್ಯಾಪಾರದ ಊರುಗಳ ನಡುವೆ ಒಂಬತ್ತು ಸೀಟಿನ, ಒಂದೇ ಇಂಜಿನ್ನಿನ ಟರ್ಬೊಪ್ರಾಪ್ ಸೇವೆ. ನಮ್ಮ ಬಾಸ್ ಕೇಳಿದ್ದೂ ಇದನ್ನೇ! ಅದು ಹೆಚ್ಚು ಕಾಲ ನಡೆಯಲಿಲ್ಲ. ಒಂಬತ್ತು ಸೀಟಿನಲ್ಲಿ ಮೂರು ಖಾಲಿ ಹೋದರೆ ಮೂರನೇ ಒಂದು ಭಾಗದ ಆದಾಯವೇ ಹೋಯಿತು. ಇಬ್ಬರು ಪೈಲಟ್, ಮೆಕ್ಯಾನಿಕ್, ಹ್ಯಾಂಗರ್ ಖರ್ಚು ಮಾತ್ರ ಹಾಗೇ ಇರುತ್ತೆ. ನಾಲ್ಕು ಜನ ಹತ್ತಿದರೂ ಹೊರಡಲೇಬೇಕಾದ ಬಸ್ಸಿನ ಗತಿ ಅದು.

ಇದಕ್ಕಿಂತ ಹಳೇ ಪಾಠ ಮೈಸೂರಿನದು. 1940ರಲ್ಲಿ ಸಂಸ್ಥಾನ ಕಟ್ಟಿಸಿದ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ 1980ರ ದಶಕದಲ್ಲಿ ವಾಯುದೂತ್ ಹಾರಿತು, ಜನ ಸಿಗದೆ ನಿಂತಿತು. 2010ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ಶುರು ಮಾಡಿತು, ಅದೂ ನಿಂತಿತು. 140 ಕಿ.ಮೀ. ದೂರಕ್ಕೆ ವಿಮಾನ ಯಾರಿಗೆ ಬೇಕು? ಕೆಂಗೇರಿಯವನು ದೇವನಹಳ್ಳಿಗೆ ಹೋಗೋ ಹೊತ್ತಿಗೆ ಮಂಡ್ಯ ದಾಟಿರ್ತಾನೆ.

ಪಶ್ಚಿಮ ಬೆಂಗಳೂರಿನವರ ಲೆಕ್ಕ ತಪ್ಪೋದು ಇಲ್ಲೇ. ಯಾರೂ ಮನೆ ಬಾಗಿಲಿಂದ ಬಾಗಿಲಿಗೆ ಎಣಿಸಲ್ಲ. 2008ರ ಮೇ ತಿಂಗಳಲ್ಲಿ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಟಿಕೆಟ್ ವಿಮಾನಗಳೆಲ್ಲ ಹೋದವು. ವಿಜಯನಗರದಿಂದ ಅಲ್ಲಿಗೆ ಸುಮಾರು 40 ಕಿ.ಮೀ., ಸಂಜೆಯಾದರೆ ಎರಡು ಗಂಟೆ ಅಂದುಕೊಳ್ಳಿ. ಬಾಡಿಗೆ ವಿಮಾನಗಳಿಗೆ ಎಚ್‌ಎಎಲ್ ನಿಲ್ದಾಣ ಇನ್ನೂ ತೆರೆದಿದೆ, ಅದೊಂದು ಪುಣ್ಯ. ಹುಬ್ಬಳ್ಳಿ ಆಕಾಶದಲ್ಲಿ ಸುಮಾರು 370 ಕಿ.ಮೀ. ಪಿಸಿ-12ಕ್ಕೆ ಒಂದು ಗಂಟೆಗೂ ಕಡಿಮೆ. ಆದರೆ ಯಶವಂತಪುರದಲ್ಲಿ ಬೆಳಗ್ಗೆ ಆರಕ್ಕೆ ಮುಂಚೆ ವಂದೇ ಭಾರತ್ ಹತ್ತಿದರೆ ಸುಮಾರು ಆರು ಗಂಟೆಯಲ್ಲಿ ಹುಬ್ಬಳ್ಳಿ, ಲ್ಯಾಪ್‌ಟಾಪ್ ತೆಗೆದು ಕೆಲಸ ಮಾಡ್ತಾ ಹೋಗಬಹುದು. ರಾತ್ರಿ ನವರಂಗ್ ಹತ್ತಿರ ಸ್ಲೀಪರ್ ಬಸ್ ಹತ್ತಿ ಮಲಗೋರು ಮಲಗಬಹುದು. ಹಾಗಾಗಿ ಮೈಸೂರು, ಹುಬ್ಬಳ್ಳಿ ಎರಡಕ್ಕೂ ನನ್ನ ಪಟ್ಟಿಯಲ್ಲಿ ಕೆಂಪು ಗೆರೆ.

ಉಳಿದದ್ದು ತೋರಣಗಲ್ಲು, ಹರಿಹರ, ಕಲಬುರಗಿ. ಈ ಸೀಮೆಯಲ್ಲಿ ಸರ್ಕಾರಕ್ಕಿಂತ ಮುಂಚೆ ಕಂಪನಿಗಳೇ ರನ್‌ವೇ ಹಾಕಿಕೊಂಡದ್ದುಂಟು. ತೋರಣಗಲ್ಲಿನಲ್ಲಿ ಜಿಂದಾಲ್‌ನವರ ವಿದ್ಯಾನಗರ ನಿಲ್ದಾಣ, ಕೊಪ್ಪಳದಲ್ಲಿ ಬಲ್ಡೋಟಾದವರದ್ದು, ಹರಿಹರದ ಬಳಿ ಬಿರ್ಲಾದವರದ್ದು. ಉಕ್ಕು, ಅದಿರು, ನಾರಿನ ಕಾರ್ಖಾನೆ ಕಟ್ಟಿದವರಿಗೆ ಬಸ್ಸಿಗೆ ಕಾಯೋಕೆ ಪುರುಸೊತ್ತಿರಲಿಲ್ಲ. 2019ರ ನವೆಂಬರ್ 22ರಂದು ಉದ್ಘಾಟನೆಯಾದ ಕಲಬುರಗಿಯ ರನ್‌ವೇ ಮೂರು ಕಿ.ಮೀ.ಗೂ ಉದ್ದ. ಪಿಸಿ-12ಕ್ಕೆ ಒಂದು ಕಿ.ಮೀ.ಯೂ ಬೇಕಿಲ್ಲ.

ಎರಡು ಇಂಜಿನ್ನಿನ ಕಿಂಗ್ ಏರ್ 350 ಗಂಟೆಗೆ ಸುಮಾರು 400 ಲೀಟರ್ ಕುಡಿಯೋ ಕಡೆ ಪಿಸಿ-12ಕ್ಕೆ 230ರಿಂದ 260 ಲೀಟರ್ ಸಾಕು. ಮೂರು ಕಂಪನಿಯ ಒಂಬತ್ತು ಜನ ಹಂಚಿಕೊಂಡಾಗ ಈ ವ್ಯತ್ಯಾಸವೇ ‘ಆಗುತ್ತೆ’ ‘ಆಗಲ್ಲ’ ಎರಡರ ನಡುವಿನ ಗೆರೆ. ಬಾಡಿಗೆ ದರ ಇಲ್ಲಿ ಬರೆಯಲ್ಲ, ಪುಸ್ತಕ ಅಚ್ಚಾಗೋಷ್ಟರಲ್ಲಿ ಬದಲಾಗಿರುತ್ತೆ.

ಕೊನೆಗೆ ನಾನು ಕೊಟ್ಟ ವರದಿ ಒಂದೂವರೆ ಪುಟ. ಕಲಬುರಗಿ ಮತ್ತು ತೋರಣಗಲ್ಲಿಗೆ ಒಂದೇ ಇಂಜಿನ್ನಿನ ಟರ್ಬೊಪ್ರಾಪ್ ಆಗಬಹುದು. ಪೈಲಟ್ ಇಬ್ಬರು ಇರಲೇಬೇಕು, ಒಬ್ಬರೇ ಹಾರಿಸೋಕೆ ಅನುಮತಿ ಇದ್ದರೂ ಸರಿ. ರಾತ್ರಿ ಬೇಡ, ಮಳೆಗಾಲದಲ್ಲಿ ಘಟ್ಟದ ಕಡೆ ಬೇಡ. ಬಾಡಿಗೆ ಕೊಡೋರ ಹತ್ತಿರ ಇಂಜಿನ್ನಿನ ಪುಸ್ತಕ ಕೇಳಿ ನೋಡಬೇಕು, ಒಳಭಾಗದ ತಪಾಸಣೆ ಯಾವಾಗ ಆಗಿದೆ, ಪೂರ್ತಿ ಬಿಚ್ಚಿ ಕಟ್ಟೋಕೆ ಇನ್ನೆಷ್ಟು ಗಂಟೆ ಇದೆ ಅಂತ. ತೋರಿಸೋಕೆ ಹಿಂದೆಮುಂದೆ ನೋಡಿದರೆ ಇಂಜಿನ್ ಒಂದಿರಲಿ ನಾಲ್ಕಿರಲಿ, ಆ ವಿಮಾನ ಬೇಡ.

ಬಾಸ್ ಓದಿ ಒಂದೇ ಪ್ರಶ್ನೆ ಕೇಳಿದರು: ರಾತ್ರಿ ಬೇಡ ಅಂದರೆ ಕಲಬುರಗಿಯಿಂದ ಎಷ್ಟಕ್ಕೆ ಹೊರಡಬೇಕು? ಡಿಸೆಂಬರಿನಲ್ಲಿ ಬೆಂಗಳೂರಿನ ಸೂರ್ಯ ಆರಕ್ಕೆಲ್ಲ ಮುಳುಗುತ್ತಾನೆ. ಹಾರೋಕೆ ಒಂದು ಗಂಟೆ, ಎಚ್‌ಎಎಲ್‌ನಲ್ಲಿ ಇಳಿಯೋಕೆ ಸರದಿ ಕಾಯಬೇಕಾದರೆ ಇನ್ನರ್ಧ ಗಂಟೆ ಕೈಯಲ್ಲಿರಬೇಕು. ಕಾರ್ಖಾನೆಯಿಂದ ರನ್‌ವೇಗೆ ಮುಕ್ಕಾಲು ಗಂಟೆ. ಗಿರಾಕಿಗಳ ಜೊತೆ ಊಟಕ್ಕೆ ಕೂತರೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಅಂತ ಬೇಗ ಏಳೋಕೆ ಬಿಡಲ್ಲ. ಮೂರೂವರೆಗೆ ಮೀಟಿಂಗ್ ಮುಗಿಸಲೇಬೇಕು ಅಂತ ಬರೆದುಕೊಟ್ಟೆ.